ಮೇಪಲ್ ಮರದಡಿ ಬಿಳಿ ಟ್ರಿಲಿಯಂ: ಬಿತ್ತಿದ ಬೀಜ ಮೇಲೆ ಬರುತ್ತಿಲ್ಲ

ತರಗೆಲೆ:
ಜಾಗ ಕೆನಡಾದ ದಕ್ಷಿಣ ಒಂಟಾರಿಯೊ. ಹಿತ್ತಲಿನ ದೊಡ್ಡ ಮೇಪಲ್ ಮರದ ಕೆಳಗೆ ಬಿಳಿ ಟ್ರಿಲಿಯಂ (ಟ್ರಿಲಿಯಂ ಗ್ರಾಂಡಿಫ್ಲೋರಂ) ಎಂಬ ಕಾಡುಹೂವಿನ ಗಿಡ ಬೆಳೆಸಬೇಕು. ಕಳೆದ ಆಗಸ್ಟಿನಲ್ಲಿ ಹಣ್ಣಿನಿಂದ ತೆಗೆದ ಕೂಡಲೇ ಕುಂಡದಲ್ಲಿ ಬಿತ್ತಿದ ಬೀಜ ಜೂನ್ ಬಂದರೂ ಮೊಳೆತಿಲ್ಲ. ಚೆಲ್ಲಿಬಿಡಬಹುದೇ? ಗೆಡ್ಡೆ ನೆಡುವುದಾದರೆ ಯಾವಾಗ, ಎಷ್ಟು ಆಳದಲ್ಲಿ? ಇನ್ನೊಂದು: ಪಕ್ಕದ ತೋಟದ ಗಿಡದಲ್ಲಿ ಬಿಳಿ ಎಸಳಿನ ನಡುವೆ ಹಸಿರು ಪಟ್ಟೆ ಇದೆ. ಅದು ಬೇರೆ ತಳಿಯೇ?

ಬೇರುಬಿಳಲು:
ಖಂಡಿತ ಚೆಲ್ಲಬೇಡಿ. ಈ ಬೀಜಕ್ಕೆ ಎರಡು ಚಳಿಗಾಲ ಬೇಕು. ಮೊದಲ ಚಳಿ ಕಳೆದ ಮೇಲೆ ಬೇರು ಮಾತ್ರ ಹೊರಡುತ್ತದೆ, ಎರಡನೆಯದು ಕಳೆದ ಮೇಲೆ ಎಲೆ. ಈಗ ನಿಮ್ಮ ಕುಂಡದಲ್ಲಿ ಕೆಲಸ ನಡೆಯುತ್ತಿರುವುದು ಮಣ್ಣಿನೊಳಗೆ. ಕೆದಕಿ ನೋಡಿದರೆ ಬೇರಿನ ತುದಿ ಮುರಿಯುತ್ತದೆ, ಅಲ್ಲಿಗೆ ಮುಗಿಯಿತು.

ಕುಂಡವನ್ನು ಅಂಚಿನವರೆಗೆ ನೆರಳಿನ ನೆಲದಲ್ಲಿ ಹೂತು, ಇಲಿ ಅಳಿಲು ತೋಡದಂತೆ ಮೇಲೆ ತಂತಿ ಬಲೆ ಹಾಕಿ. ಬೇಸಗೆಯಲ್ಲಿ ಮಣ್ಣು ಒಮ್ಮೆಯೂ ಪೂರ್ತಿ ಒಣಗಬಾರದು. ಹೊರಗೆ ಏನೂ ಕಾಣದೆ ಜನ ನೀರು ನಿಲ್ಲಿಸುವುದು, ಬೀಜ ಸಾಯುವುದು ಈ ಹಂತದಲ್ಲೇ. ತಾಜಾ ಬೀಜ ಬಿತ್ತಿ ಒಳ್ಳೆಯದು ಮಾಡಿದ್ದೀರಿ, ಒಣಗಿಸಿಟ್ಟಿದ್ದರೆ ಇಷ್ಟು ಭರವಸೆ ಕೊಡಲಾಗುತ್ತಿರಲಿಲ್ಲ. ಬೀಜಕ್ಕೆ ಅಂಟಿಕೊಂಡಿದ್ದ ಮೆತ್ತನೆಯ ತುಣುಕನ್ನು ಗಮನಿಸಿರಬಹುದು. ಅದರಲ್ಲಿ ಕೊಬ್ಬಿನಂಶವಿದೆ. ಕಾಡಿನಲ್ಲಿ ಇರುವೆಗಳು ಅದರ ಆಸೆಗೆ ಬೀಜವನ್ನು ಗೂಡಿಗೆ ಹೊತ್ತೊಯ್ದು, ತುಣುಕನ್ನು ತಿಂದು ಬೀಜವನ್ನು ಬಿಟ್ಟುಬಿಡುತ್ತವೆ. ಅಲ್ಲಿ ಅದು ಮೊಳೆಯುತ್ತದೆ.

ಬರುವ ವಸಂತದಲ್ಲಿ ಹುಲ್ಲಿನೆಸಳಿನಂಥ ಒಂದೇ ಎಲೆ ಬರುತ್ತದೆ, ಕಳೆಯೆಂದು ಕೀಳಬೇಡಿ. ಆಮೇಲೆ ಅಗಲವಾದ ಒಂಟಿ ಎಲೆ, ಕೆಲವು ವರ್ಷ ಬಿಟ್ಟು ಮೂರೆಲೆ. ಹೂವಿಗೆ ಸಾಮಾನ್ಯವಾಗಿ 7ರಿಂದ 10 ವರ್ಷ.

ಹೊಂಗೆನೆರಳು:
ಅದಕ್ಕೂ ಮೊದಲು ಮರ ಯಾವುದೆಂದು ನೋಡಿಕೊಳ್ಳಿ. ಎಲೆಯ ತೊಟ್ಟು ಮುರಿಯಿರಿ. ಹಾಲು ಒಸರಿದರೆ ನಾರ್ವೆ ಮೇಪಲ್, ತಿಳಿನೀರಿನಂಥ ರಸವಾದರೆ ಬಹುಶಃ ಶುಗರ್ ಮೇಪಲ್. ಟ್ರಿಲಿಯಂ ಹುಟ್ಟಿ ಬೆಳೆಯುವುದೇ ಶುಗರ್ ಮೇಪಲ್, ಬೀಚ್ ಮರಗಳ ಕಾಡಿನಲ್ಲಿ. ಮರ ಚಿಗುರಿ ಮೇಲೆ ನೆರಳು ಮುಚ್ಚುವ ಮುಂಚಿನ ಕೆಲವೇ ವಾರಗಳ ಬಿಸಿಲಿನಲ್ಲಿ ಅದು ವರ್ಷದ ಸಂಪಾದನೆಯ ದೊಡ್ಡ ಪಾಲು ಮಾಡಿಕೊಳ್ಳುತ್ತದೆ. ನೆರಳಿನ ಗಿಡ ಎಂದುಕೊಂಡು ಸದಾಹಸಿರು ಮರದ ಬುಡಕ್ಕೆ ನೆಟ್ಟವರ ಗಿಡ ವರ್ಷವರ್ಷ ಸೊರಗುವುದು ಇದಕ್ಕೇ. ನಾರ್ವೆ ಮೇಪಲಿನ ನೆರಳು ದಟ್ಟ, ಬೇರು ಮೇಲ್ಮಣ್ಣಿನಲ್ಲೇ ಹೆಣೆದುಕೊಂಡು ನೀರು ಹೀರುತ್ತದೆ. ನಿಮ್ಮ ಮರ ಅದೇ ಆಗಿದ್ದರೆ ಬುಡ ಬಿಟ್ಟು ಕೊಂಬೆಗಳ ಅಂಚಿಗೆ ಪಾತಿ ಮಾಡಿ.

ಗೆಡ್ಡೆ ನೆಡಲು ಎಲೆ ಹಳದಿಯಾಗಿ ಒರಗಿದ ಮೇಲೆ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಸರಿ. ಮೊಗ್ಗಿರುವ ತುದಿ ಮೇಲೆ ಬರುವಂತೆ 8–10 ಸೆಂ.ಮೀ. ಆಳ, ನಡುವೆ ಒಂದಡಿ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6ರಿಂದ 7 ಇದ್ದರೆ ಸಾಕು. ರಾಸಾಯನಿಕ ಗೊಬ್ಬರ ಬೇಡ. ಮೇಲೆ 5 ಸೆಂ.ಮೀ. ತರಗೆಲೆ, ಅದನ್ನು ಹುಲ್ಲು ಕತ್ತರಿಸುವ ಯಂತ್ರದಲ್ಲಿ ಪುಡಿ ಮಾಡಿ ಹಾಕಿ. ಇಡೀ ಮೇಪಲ್ ಎಲೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಹಾಳೆಯಾದರೆ ಎಳೆ ಸಸಿ ಮೇಲೇಳಲಾರದು. ನೆಲ ಹೆಪ್ಪುಗಟ್ಟುವವರೆಗೂ ತೇವ ಆರದಂತೆ ನೋಡಿಕೊಳ್ಳಿ.

ಕಾಡುಹಾದಿ:
ಹಸಿರು ಪಟ್ಟೆ ತಳಿಯಲ್ಲ, ರೋಗ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಕಾರಣ, ಔಷಧಿ ಇಲ್ಲ. ರೋಗ ಬಲಿತಂತೆ ಹೂವೂ ಎಲೆಯೂ ವಿಕಾರವಾಗುತ್ತವೆ. ಎಷ್ಟೇ ಚೆಂದ ಕಂಡರೂ ಆ ಗಿಡದಿಂದ ತುಂಡು ತರಬೇಡಿ. ಬಿಳಿ ಹೂ ಹಳತಾಗುತ್ತಾ ಗುಲಾಬಿಗೆ ತಿರುಗುವುದು ಮಾತ್ರ ಸಹಜ, ಅದಕ್ಕೆ ಹೆದರಬೇಕಿಲ್ಲ.

ಗೆಡ್ಡೆ ಕೊಳ್ಳುವಾಗ ಇದನ್ನು ಬೀಜದಿಂದ ಬೆಳೆಸಿದ್ದೋ, ಗೆಡ್ಡೆ ವಿಭಜಿಸಿದ್ದೋ ಎಂದು ನೇರವಾಗಿ ಕೇಳಿ. ಅಷ್ಟು ವರ್ಷ ಸಾಕಿದ ಗಿಡ ಅಗ್ಗಕ್ಕೆ ಸಿಗುವುದಿಲ್ಲ. ಅಗ್ಗದ ಬಿಡಿ ಗೆಡ್ಡೆ ಕಾಡಿನಿಂದ ಕಿತ್ತದ್ದೇ ಇರಬಹುದು, ದಯವಿಟ್ಟು ಕೊಳ್ಳಬೇಡಿ.

ಜಿಂಕೆ ಬರುವ ಜಾಗವಾದರೆ ವಸಂತದಲ್ಲಿ ಮುಚ್ಚಳವಿರುವ ತಂತಿ ಪಂಜರ ಬೇಕೇ ಬೇಕು. ಒಂದೇ ಬಾಯಿಗೆ ಹೂವೂ ಮೂರೆಲೆಯೂ ಹೋಗುತ್ತವೆ, ಆ ವರ್ಷ ಮತ್ತೆ ಚಿಗುರುವುದಿಲ್ಲ. ವರ್ಷವರ್ಷವೂ ಹೀಗೇ ಆದರೆ ಹೂ ಬಿಡುತ್ತಿದ್ದ ಗಿಡ ಒಂಟಿ ಎಲೆಗೆ ಇಳಿಯುತ್ತದೆ. ಹೂದಾನಿಗೆಂದು ಎಲೆ ಸಮೇತ ಕಿತ್ತರೂ ಇದೇ ಗತಿ. 1937ರಿಂದ ಪ್ರಾಂತ್ಯದ ಲಾಂಛನವಾಗಿರುವ ಹೂವಿಗೆ ಅಷ್ಟು ಮರ್ಯಾದೆ ಸಲ್ಲಬೇಕು.

ತರಗೆಲೆ:
ತೊಟ್ಟು ಮುರಿದು ನೋಡಿದೆ, ಹಾಲು ಬಂತು. ಹೊಸ ಮಣ್ಣು ಅರ್ಧ ಅಡಿ ಏರಿಸಿ ಪಾತಿ ಮಾಡಿದರೆ ಆದೀತೇ?

ಹೊಂಗೆನೆರಳು:
ಬೇಡ. ನಾರ್ವೆ ಮೇಪಲಿನ ಬೇರು ಹೊಸ ಮಣ್ಣಿಗೂ ಏರಿ ಬರುತ್ತದೆ, ಬುಡಕ್ಕೆ ಮಣ್ಣು ಪೇರಿಸಿದರೆ ಮರಕ್ಕೂ ಕೆಡುಕು. ಕೊಂಬೆಗಳ ಅಂಚಿನಿಂದಾಚೆ, ಮಧ್ಯಾಹ್ನದ ಬಿಸಿಲು ತಾಗದ ಪೂರ್ವದ ಬದಿ ಆರಿಸಿ. ಕುಂಡವನ್ನೂ ಈಗಲೇ ಅಲ್ಲೇ ಹೂತುಬಿಡಿ.