ಶನಿವಾರ ರಾತ್ರಿ ಎಲ್ಲಿಗೆ? ‘ಮನೆಮಂದಿ’ ಗುಂಪಿನಲ್ಲಿ ಜಗಳ

ಬೆಂಗಳೂರು ತಮ್ಮ: (ಫಾರ್ವರ್ಡ್) ‘ಹುಬ್ಬಳ್ಳಿಯಲ್ಲಿ ಒಂದು ರಾತ್ರಿ: ಎಂಟಕ್ಕೆ ರೂಫ್‌ಟಾಪ್, ಒಂಬತ್ತಕ್ಕೆ ಪಬ್, ಹತ್ತಕ್ಕೆ ಇನ್ನೊಂದು ಪಬ್, ಆಮೇಲೆ ಊಟ, ಹನ್ನೆರಡಕ್ಕೆ ದುರ್ಗದ ಬೈಲಿನಲ್ಲಿ ಗಿರ್ಮಿಟ್.’
ಶನಿವಾರ ಬರ್ತಿದ್ದೇನೆ. ಎಲ್ಲರೂ ರೆಡಿ ಇರಿ 🍻

ಸಣ್ಣ ಕಾಕಾ: ಇದನ್ನು ಬರೆದವನು ಹುಬ್ಬಳ್ಳಿ ನೋಡಿಲ್ಲ.

ಬೆಂಗಳೂರು ತಮ್ಮ: ಯಾಕೆ ಕಾಕಾ?

ಸಣ್ಣ ಕಾಕಾ: ಹನ್ನೆರಡಕ್ಕೆ ಬೈಲಿನಲ್ಲಿ ನಾಯಿ ಬಿಟ್ಟರೆ ಯಾರೂ ಇರಲ್ಲ. ಗಿರ್ಮಿಟ್ ಸಂಜೆಯ ತಿಂಡಿ. ಚುರುಮುರಿಗೆ ಗೊಜ್ಜು ಕಲಸಿ, ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಸೇವು ಉದುರಿಸಿ ಕೊಟ್ಟ ಕೂಡಲೇ ತಿನ್ನಬೇಕು. ಮಾತಾಡ್ತಾ ನಿಂತರೆ ಮೆತ್ತಗಾಯಿತು, ಮುಗೀತು. ಜೊತೆಗೆ ಬಿಸಿ ಮಿರ್ಚಿ. ನಮ್ಮೂರಿನ ರಾತ್ರಿ ಆರಕ್ಕೇ ಶುರುವಾಗುತ್ತದೆ, ತಿಳ್ಕೋ.

ಗದಗ ಮಾವ: ಸಾವಜಿ ಖಾನಾವಳಿ ಹೆಸರೇ ಇಲ್ಲ! ಇದೆಂಥ ಪಟ್ಟಿ? ಸಾವಜಿ ಅಂದ್ರೆ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರು, ಮೂಲತಃ ನೇಕಾರರು. ಹುಬ್ಬಳ್ಳಿಯಲ್ಲೂ ಇದ್ದಾರೆ, ನಮ್ಮ ಗದಗ-ಬೆಟಗೇರಿಯಲ್ಲೂ ಇದ್ದಾರೆ. ಅವರ ಖೀಮಾ ಉಂಡೆ, ಖಾರದ ಮಟನ್ ಸಾರು...

ನಾನು: ಮಾವ, ಊಟಕ್ಕೆ ಹೊರಟಿದ್ದೇವೆ, ವಂಶಾವಳಿ ಬರೆಯೋಕಲ್ಲ.

ದೊಡ್ಡವ್ವ: ಶನಿವಾರ ಮಟನ್ ಮಾತು ಎತ್ತಿದವರು ಯಾರು?

ಅಣ್ಣ: ಕುಡಿಯೋದಕ್ಕೆ ಶನಿವಾರ ಅಡ್ಡಿ ಇಲ್ವಾ ದೊಡ್ಡವ್ವ? 😄

ದೊಡ್ಡವ್ವ: ಅದನ್ನು ನಾನು ಓದಿಲ್ಲ ಅಂದ್ಕೋ.

ಬೆಂಗಳೂರು ತಮ್ಮ: ಸರಿ, ರವಿವಾರ. ಸೋಮವಾರ ಮನೆಯಿಂದಲೇ ಕೆಲಸ ಅಂತ ಹೇಳಿಬಿಡ್ತೇನೆ.

ವೈನಿ: ನಾವೂ ಬರಬಹುದಾ, ಇಲ್ಲ ಇದು ಗಂಡಸರ ಪಟ್ಟಿನಾ?

ಅಣ್ಣ: ಬಾ. ಫ್ಯಾಮಿಲಿ ರೂಮ್ ಇರುತ್ತದಲ್ಲ.

ವೈನಿ: ನಿಮ್ಮ ಫ್ಯಾಮಿಲಿ ರೂಮ್ ನೋಡಿದ್ದೇನೆ. ಮೆಟ್ಟಿಲ ಹಿಂದೆ ಪರದೆ ಎಳೆದ ಗೂಡು. ಫ್ಯಾನ್ ತಿರುಗಲ್ಲ. ಕರೆದರೆ ವೇಟರ್ ಬರಲ್ಲ. ಕೆಳಗೆ ನೀವೆಲ್ಲ ನಗ್ತಾ ಕೂತಿರ್ತೀರಿ, ಮೇಲೆ ನಾನು, ನಾದಿನಿ ಗೋಬಿ ಮಂಚೂರಿ ತಣ್ಣಗಾಗೋದನ್ನು ನೋಡ್ತಾ ಕೂರಬೇಕು. ಬರೋದಾದರೆ ಹಾಲ್‌ನಲ್ಲೇ ಟೇಬಲ್, ನಿಮ್ಮ ಜೊತೆಗೇ. ಇನ್ನೊಂದು ಮಾತು. ಬಿಲ್ಲನ್ನು ತಲೆಗಿಷ್ಟು ಅಂತ ಹಂಚೋದು ಬೇಡ. ಹೋದ ಸಲ ನಾನು ಕುಡಿದದ್ದು ಸೋಡಾ, ಕೊಟ್ಟದ್ದು ವಿಸ್ಕಿ ದುಡ್ಡು.

ಅಣ್ಣ: ಅದು ಹಳೇ ಮಾತು.

ವೈನಿ: ದುಡ್ಡು ವಾಪಸ್ ಬಂದ ಮೇಲೆ ಹಳೇದಾಗುತ್ತದೆ.

ಬೆಂಗಳೂರು ತಮ್ಮ: ಆಯ್ತು ವೈನಿ. ಪೆಗ್ಗಿನ ಬಿಲ್ಲು ಬೇರೆ, ಊಟದ ಬಿಲ್ಲು ಬೇರೆ. ಇಲ್ಲಾಂದ್ರೆ ವೈನ್‌ಶಾಪ್ ಮುಂದೆ ನಿಂತು ಒಂದೊಂದು ಹಾಕಿ, ಊಟಕ್ಕೆ ಒಟ್ಟಿಗೇ ಹೋಗೋಣ. ಖರ್ಚೂ ಕಡಿಮೆ.

ಗದಗ ಮಾವ: ಸಿಎಲ್-2 ಪರವಾನಗಿಯ ಅಂಗಡಿಯಲ್ಲಿ ಬಾಟಲಿ ಕೊಂಡು ಮನೆಗೆ ಒಯ್ಯಬೇಕು, ಅಲ್ಲೇ ಕುಡಿಯುವಂತಿಲ್ಲ. ಕೂತು ಕುಡಿಯಲು ಸಿಎಲ್-9 ಇರುವ ಬಾರ್ ಬೇಕು. ಬೋರ್ಡ್ ಓದಿ ಒಳಗೆ ಹೋಗು.

ಧಾರವಾಡ ಅಕ್ಕ: ವಾಪಸ್ ಬರೋದು ಹೇಗೆ? ಅದನ್ನು ಯಾರೂ ಹೇಳ್ತಿಲ್ಲ.

ಬೆಂಗಳೂರು ತಮ್ಮ: ಕಾರು ನಾನು ಓಡಿಸ್ತೇನೆ ಅಕ್ಕ. ಧಾರವಾಡಕ್ಕೆ 20 ಕಿಲೋಮೀಟರ್ ಅಷ್ಟೇ ಅಲ್ವಾ.

ಧಾರವಾಡ ಅಕ್ಕ: ಕುಡಿದು? 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಸುಮ್ನೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಹತ್ತಿ.

ಬೆಂಗಳೂರು ತಮ್ಮ: ಮಧ್ಯರಾತ್ರಿ ಚಿಗರಿ ಎಲ್ಲಿ ಸಿಗುತ್ತದೆ?

ಧಾರವಾಡ ಅಕ್ಕ: ಮಧ್ಯರಾತ್ರಿವರೆಗೆ ಕೂರಬೇಡಿ ಅಂತಲೇ ಹೇಳ್ತಿರೋದು. ಆರಕ್ಕೆ ಗಿರ್ಮಿಟ್, ಏಳೂವರೆಗೆ ಬಾರ್, ಒಂಬತ್ತಕ್ಕೆ ರೊಟ್ಟಿ ಊಟ. ಹೊಟ್ಟೆ ಖಾಲಿ ಇಟ್ಟುಕೊಂಡು ಎರಡು ಪಬ್ ತಿರುಗೋದು ಯಾವ ಸುಖ?

ಸಣ್ಣ ಕಾಕಾ: ನನ್ನ ಮಾತನ್ನೇ ಇವಳು ಟೈಮ್‌ಟೇಬಲ್ ಮಾಡಿದಳು. ಒಪ್ಪಿದೆ. ಗಾಡಿ ನಾನು ಓಡಿಸ್ತೇನೆ. ಡಾಕ್ಟರು ಹೇಗೂ ಬಿಡಿಸಿದ್ದಾರೆ.

ವೈನಿ: ಹಾಲ್‌ನಲ್ಲಿ ಟೇಬಲ್?

ಅಣ್ಣ: ಫೋನ್ ಮಾಡಿ ಹಿಡಿದಿಡ್ತೇನೆ.

ಬೆಂಗಳೂರು ತಮ್ಮ: ಕಾಕಾ, ಪೆಟ್ರೋಲ್ ಯಾರದು?

ಸಣ್ಣ ಕಾಕಾ: ಪೆಗ್ಗಿನ ಬಿಲ್ಲಿಗೆ ಸೇರಿಸು.