ಸಹಾಯ ಬೇಕು: ಹಾಯಿದೋಣಿಯ ಹಿಂಬದಿ ಕಂಬಿಗೆ ಮೋಟಾರ್ ಕೂರಿಸಬಹುದೇ?

ಬಾಗಲಕೋಟೆಯ ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮದೊಂದು ಚಿಕ್ಕ ಫೈಬರ್ ಹಾಯಿದೋಣಿ ಇದೆ. ಗಾಳಿ ನಿಂತರೆ ಹುಟ್ಟೇ ಗತಿ. ಹಾಗಾಗಿ 2.5 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ತಂದಿದ್ದೇವೆ. ತೂಕ ಸುಮಾರು 17 ಕಿಲೋ. ಹಿಂಬದಿಯಲ್ಲಿ ಆಸರೆಗೆ ಹಿಡಿಯುವ ಸ್ಟೀಲ್ ಕಂಬಿಗೆ ಹಲಗೆ ಬಿಗಿದು ಕೂರಿಸಿ ಎಂದು ವೆಲ್ಡಿಂಗ್ ಅಂಗಡಿಯವರ ಸಲಹೆ. ನನಗೇಕೋ ಧೈರ್ಯ ಸಾಲದು. ಕಂಬಿಯನ್ನು ಕೈಯಿಂದ ಜಗ್ಗಿದರೂ ಬುಡದ ತಿರುಪುಗಳ ಸುತ್ತ ಫೈಬರ್ ಮಿಸುಕುತ್ತದೆ. ಮೋಟಾರನ್ನು ಓಡಿಸದೆ ಸುಮ್ಮನೆ ಎತ್ತಿಡಲು ಆ ಕಂಬಿ ಸಾಕು. ಆದರೆ ಓಡುವಾಗ ದೋಣಿಯನ್ನು ತಳ್ಳುವ ಬಲವೆಲ್ಲ ಅಲ್ಲಿಗೇ ಬೀಳುತ್ತದಲ್ಲ! ಮೇಲಾಗಿ ಅಷ್ಟು ಎತ್ತರದಿಂದ 15 ಇಂಚಿನ ಶಾಫ್ಟ್‌ನ ಪಂಖ ನೀರು ಮುಟ್ಟುವುದೇ ಅನುಮಾನ. ಕಂಬಿಯ ಬದಲು ದೋಣಿಯ ಹಿಂಗೋಡೆಗೇ, ಒಳಗಿನಿಂದ ಪ್ಲೈವುಡ್ ಒತ್ತು ಕೊಟ್ಟು, ಏರಿಳಿಸುವ ಬ್ರಾಕೆಟ್ ಕೂರಿಸಿದವರು ಯಾರಾದರೂ ಇದ್ದೀರಾ? ಬೆಳಗಾವಿ ಕಡೆ ಸ್ಟೇನ್‌ಲೆಸ್ ಕೆಲಸದವರಿದ್ದರೂ ತಿಳಿಸಿ. ಇಲ್ಲಿರುವುದು ಸಿಹಿನೀರು, ಹಾಗಾಗಿ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸಾಮಾನ್ಯವಾದ 304 ದರ್ಜೆಯೇ ಸಾಕು.