ಬಿಎಸ್ಸಿ ನರ್ಸಿಂಗ್ ಆದ್ಮೇಲೆ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಓದೋದಾ, ಎಂಎಸ್ಸಿ ನರ್ಸಿಂಗ್ ಮಾಡೋದಾ? ಗೊತ್ತಿರೋರು ದಯವಿಟ್ಟು ಹೇಳಿ

ಐಸಿಯು_ದಾವಣಗೆರೆ:

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೇಲಿ ಒಂದು ಪ್ರೈವೇಟ್ ಆಸ್ಪತ್ರೇಲಿ ಐಸಿಯು ಇನ್‌ಚಾರ್ಜ್ ಸಿಸ್ಟರ್ ಆಗಿದೀನಿ. ಬಿಎಸ್ಸಿ ನರ್ಸಿಂಗ್ ಮುಗಿಸಿ ಹತ್ತಿರ ಹತ್ತು ವರ್ಷ ಆಗ್ತಾ ಬಂತು. ಡ್ಯೂಟಿ ರೋಸ್ಟರ್ ಹಾಕೋದು, ಇಂಡೆಂಟ್ (ಬೇಕಾದ ಸಾಮಾನಿನ ಪಟ್ಟಿ) ಬರೆಯೋದು, ಕ್ರ್ಯಾಶ್ ಕಾರ್ಟ್ (ಎಮರ್ಜೆನ್ಸಿ ಔಷಧಿ ಟ್ರಾಲಿ) ಚೆಕ್ ಮಾಡ್ಸೋದು, ಇನ್ಫೆಕ್ಷನ್ ಲೆಕ್ಕ ಇಡೋದು, ಹೊಸದಾಗಿ ಸೇರಿರೋ ಹುಡುಗೀರಿಗೆ ಕಲ್ಸೋದು, ಪೇಷೆಂಟ್ ಕಡೆಯೋರ ಜಗಳ ಬಿಡ್ಸೋದು ಎಲ್ಲಾ ನಂದೇ. ಅಂದ್ರೆ ಮ್ಯಾನೇಜ್‌ಮೆಂಟ್ ಕೆಲ್ಸ ಆಗ್ಲೇ ಮಾಡ್ತಾ ಇದೀನಿ ಅಂತ ನಂಗನ್ಸುತ್ತೆ. ಆದ್ರೆ ತಿಂಗಳ ಮೀಟಿಂಗಲ್ಲಿ ಆಕ್ಯುಪೆನ್ಸಿ (ಎಷ್ಟು ಬೆಡ್ ತುಂಬಿತ್ತು ಅನ್ನೋ ಲೆಕ್ಕ) ಯಾಕೆ ಇಳೀತು, ಗ್ಲೌಸ್, ಸಿರಿಂಜ್ ಥರದ ಕನ್ಸ್ಯೂಮಬಲ್ಸ್ ಖರ್ಚು ಯಾಕೆ ಏರ್ತು ಅಂತ ಕೇಳಿದ್ರೆ ಕಾರಣ ಗೊತ್ತಿದ್ರೂ ಅಂಕಿ ಇಟ್ಟು ಹೇಳೋಕೆ ಬರಲ್ಲ, ಎಂಬಿಎ ಮಾಡಿರೋ ಹುಡುಗ ನಾಲ್ಕು ಸ್ಲೈಡ್ ತೋರಿಸಿ ಸ್ಟಾಫ್ ಕಮ್ಮಿ ಮಾಡ್ಬಹುದು ಅಂತಾನೆ, ಎಲ್ರೂ ತಲೆ ಆಡಿಸ್ತಾರೆ. ವೆಂಟಿಲೇಟರ್ ಮೇಲಿರೋ ಪೇಷೆಂಟ್‌ಗೆ ಒಬ್ಬ ಸಿಸ್ಟರ್ ಇರ್ಲೇಬೇಕು ಅನ್ನೋದನ್ನ ಆ ರೂಮಲ್ಲಿ ಅರ್ಥ ಮಾಡ್ಸೋಕೆ ಆಗದೆ ಹೊರಗೆ ಬರೋದು ತುಂಬಾ ಸಂಕಟ ಆಗುತ್ತೆ.

ಅದಕ್ಕೆ ಓದ್ಬೇಕು ಅಂತ ತೀರ್ಮಾನ ಮಾಡಿದೀನಿ. ಒಬ್ರು ಎಂಎಚ್ಎ (ಮಾಸ್ಟರ್ ಆಫ್ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್) ಮಾಡು ಅಂತಾರೆ, ಇನ್ನೊಬ್ರು ಎಂಎಸ್ಸಿ ನರ್ಸಿಂಗೇ ಸೇಫ್ ಅಂತಾರೆ, ದೂರಶಿಕ್ಷಣದ ಓಪನ್ ಯೂನಿವರ್ಸಿಟಿ ಇಗ್ನೋದಲ್ಲಿ ಡಿಪ್ಲೊಮಾ ಇದೆಯಂತೆ, ಬ್ಯಾಚ್‌ಮೇಟ್ ಒಬ್ಳು ಯುಕೆಗೆ ಹೋಗಿ ಹೆಲ್ತ್‌ಕೇರ್ ಲೀಡರ್‌ಶಿಪ್ ಎಂಎಸ್ಸಿ ಮಾಡು ಅಂತ ಹಿಂದೆ ಬಿದ್ದಿದಾಳೆ. ಮನೆಯೋರು ಕೆಎಸ್ಆರ್‌ಟಿಸೀಲಿದಾರೆ, ಮಗಳು ಎರಡನೇ ಕ್ಲಾಸು. ಎರಡು ವರ್ಷ ಕೆಲ್ಸ ಬಿಟ್ಟು ಹೋಗೋದು ಕಷ್ಟ. ಯಾವ್ದು ಸರಿ?

---

ಕ್ವಾಲಿಟಿ_ಬೆಂಗ್ಳೂರು:

ಸಿಸ್ಟರ್, ನಾನು ಫಿಸಿಯೋಥೆರಪಿ ಮಾಡಿ ಆಮೇಲೆ ಎಂಎಚ್ಎ ಮಾಡ್ದೋಳು, ಈಗ ಬೆಂಗ್ಳೂರಲ್ಲಿ ಕ್ವಾಲಿಟಿ ನೋಡ್ಕೊಳ್ತೀನಿ. ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಳಿ, ನಿಮ್ಗೆ ಯಾವ ಕುರ್ಚಿ ಬೇಕು? ನರ್ಸಿಂಗ್ ಕಾಲೇಜಲ್ಲಿ ಪಾಠ ಮಾಡ್ಬೇಕು, ಮುಂದೆ ಪ್ರಿನ್ಸಿಪಾಲ್ ಆಗ್ಬೇಕು ಅಂದ್ರೆ ಎಂಎಸ್ಸಿ ನರ್ಸಿಂಗ್ ಬೇಕೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ಬರ್ದಿರೋದು ಓದಿದ್ರೆ ಮೀಟಿಂಗ್ ರೂಮಲ್ಲಿ ನಿಮ್ಮ ಮಾತು ನಡೀಬೇಕು ಅನ್ನೋದು ನಿಮ್ಮ ಆಸೆ. ಅದಕ್ಕೆ ಅಡ್ಮಿನಿಸ್ಟ್ರೇಷನ್ನೇ ದಾರಿ.

ಎಂಎಚ್ಎ ಅಂದ್ರೆ ಎರಡು ವರ್ಷದ ಫುಲ್ ಟೈಮ್ ಡಿಗ್ರಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ಯೂನಿವರ್ಸಿಟಿ ಕೆಳಗೆ ಇದೆ, ಬೆಂಗ್ಳೂರಿನ ಸೇಂಟ್ ಜಾನ್ಸಲ್ಲಿದೆ, ಮಣಿಪಾಲ್, ಮೈಸೂರಿನ ಜೆಎಸ್ಎಸ್ ಅಲ್ಲೂ ಇದೆ, ಮುಂಬೈ ಟಿಸ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್) ಅಂತೂ ಹಳೇ ಹೆಸರು. ಎಲೆಕ್ಟ್ರಾನಿಕ್ ಸಿಟೀಲಿರೋ ಐಐಎಚ್ಎಂಆರ್ ಅನ್ನೋ ಸಂಸ್ಥೆ ಕೊಡೋದು ಪಿಜಿಡಿಎಂ, ಅದು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಮಾನ್ಯತೆಯ ಮ್ಯಾನೇಜ್‌ಮೆಂಟ್ ಡಿಪ್ಲೊಮಾ. ಎಂಡಿ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಅಂತ ಗೂಗಲಲ್ಲಿ ಬಂದ್ರೆ ಬಿಟ್ಬಿಡಿ, ಅದು ಎಂಬಿಬಿಎಸ್ ಆದೋರಿಗೆ ಮಾತ್ರ.

ಇದ್ರಲ್ಲಿ ಏನ್ ಕಲಿಸ್ತಾರೆ ಅಂದ್ರೆ ಬಯೋಸ್ಟ್ಯಾಟಿಸ್ಟಿಕ್ಸ್, ಎಪಿಡೆಮಿಯಾಲಜಿ, ಫೈನಾನ್ಸ್, ಮೆಟೀರಿಯಲ್ಸ್, ಎಚ್ಆರ್, ಆಸ್ಪತ್ರೆ ಪ್ಲಾನಿಂಗ್, ಕಾನೂನು, ಕ್ವಾಲಿಟಿ. ಹೆಸ್ರು ಕೇಳಿದ್ರೆ ಬೇಜಾರಾಗುತ್ತೆ, ಆದ್ರೆ ನೀವು ದಿನಾ ನೋಡೋದೇ ಅದು. ಡಿಸ್ಚಾರ್ಜ್ ತಗೊಳಿ. ಒಂಬತ್ತೂವರೆ ರೌಂಡ್ಸಲ್ಲಿ ಕನ್ಸಲ್ಟೆಂಟ್ 'ಇವ್ರನ್ನ ಇವತ್ತು ಕಳ್ಸಿ' ಅಂತಾರೆ. ಸಮ್ಮರಿ ಬರೀಬೇಕಾದ ಡ್ಯೂಟಿ ಡಾಕ್ಟ್ರು ಆಪರೇಷನ್ ಥಿಯೇಟರಲ್ಲಿ, ಅವ್ರು ಬರೋದು ಹನ್ನೆರಡಕ್ಕೆ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗ್ಬೇಕು, ಅಲ್ಲಿ ಸಾಲು. ಒಂದು ಲ್ಯಾಬ್ ಬಿಲ್ ಎಂಟ್ರಿ ಆಗಿಲ್ಲ ಅಂತ ಬಿಲ್ಲಿಂಗಿಂದ ವಾರ್ಡಿಗೆ ಫೋನು. ಫೈನಲ್ ಬಿಲ್ ಇನ್ಶೂರೆನ್ಸ್ ಡೆಸ್ಕಿಂದ ಟಿಪಿಎಗೆ (ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮ್ ನೋಡೋ ಏಜೆನ್ಸಿ) ಹೋಗೋ ಹೊತ್ತಿಗೆ ಎರಡೂವರೆ. ಪೇಷೆಂಟ್ ಹೆಂಡ್ತಿ ಬ್ಯಾಗ್ ಕಟ್ಕೊಂಡು ಬೆಳಗ್ಗೆಯಿಂದ ಮಂಚದ ತುದೀಲಿ ಕೂತಿರ್ತಾರೆ, ಕೆಳಗೆ ಎಮರ್ಜೆನ್ಸೀಲಿ ಇನ್ನೊಬ್ರು ಅದೇ ಬೆಡ್ಡಿಗೆ ಕಾಯ್ತಿರ್ತಾರೆ. 2024ರಲ್ಲಿ ಇನ್ಶೂರೆನ್ಸ್ ನಿಯಂತ್ರಣ ಮಾಡೋ ಐಆರ್‌ಡಿಎಐ ಡಿಸ್ಚಾರ್ಜ್ ಅಪ್ರೂವಲ್ 3 ಗಂಟೆ ಒಳಗೆ ಕೊಡ್ಬೇಕು ಅಂತ ಇನ್ಶೂರೆನ್ಸ್ ಕಂಪನಿಗಳಿಗೆ ಹೇಳಿದೆ, ಸರಿ, ಆದ್ರೆ ಆ 3 ಗಂಟೆ ಶುರುವಾಗೋದು ಆಸ್ಪತ್ರೆ ರಿಕ್ವೆಸ್ಟ್ ಕಳ್ಸಿದ್ಮೇಲೆ. ಬೆಳಗ್ಗೆಯಿಂದ ಹೋದ ಐದು ಗಂಟೆ ನಮ್ದೇ! ಎಲ್ಲಿ ನಿಂತೋಯ್ತು ಅಂತ ಸ್ಲೈಡ್ ಮಾಡೋ ಹುಡುಗನಿಗೆ ಕಾಣಲ್ಲ, ನಿಮ್ಗೆ ಕಾಣುತ್ತೆ. ನಿಮ್ಗೆ ಇಲ್ದೆ ಇರೋದು ಅದನ್ನ ಅಳೆದು ಬರೆಯೋ ಅಭ್ಯಾಸ ಅಷ್ಟೇ.

ಆಕ್ಯುಪೆನ್ಸಿ ಲೆಕ್ಕಕ್ಕೆ ಹೆದರ್ಬೇಡಿ. 100 ಬೆಡ್, 30 ದಿನ, ಅಂದ್ರೆ 3000 ಬೆಡ್ ದಿನ. ಅದ್ರಲ್ಲಿ 2400 ದಿನ ಪೇಷೆಂಟ್ ಇದ್ರು ಅಂದ್ರೆ 80 ಪರ್ಸೆಂಟ್. ಆ ತಿಂಗಳು 480 ಜನ ಡಿಸ್ಚಾರ್ಜ್ ಆದ್ರೆ ಒಬ್ಬೊಬ್ರು ಸರಾಸರಿ 5 ದಿನ ಇದ್ರು. ಅದನ್ನ ನಾಲ್ಕೂವರೆಗೆ ಇಳಿಸಿದ್ರೆ ಅದೇ ಬೆಡ್ಡುಗಳಲ್ಲಿ ಇನ್ನೂ ಐವತ್ತಕ್ಕೂ ಹೆಚ್ಚು ಜನಕ್ಕೆ ಜಾಗ ಆಗುತ್ತೆ. ಆದ್ರೆ ಸಿಸ್ಟರ್ ಕಮ್ಮಿ ಮಾಡಿ ಸ್ಟೇ ಇಳಿಸೋಕಾಗಲ್ಲ, ಇನ್ಫೆಕ್ಷನ್ ಆದ್ರೆ, ಬೆಡ್‌ಸೋರ್ ಆದ್ರೆ ಸ್ಟೇ ಏರುತ್ತೆ. ಈ ಒಂದು ಮಾತನ್ನ ನಿಮ್ಮ ಐಸಿಯು ಅಂಕಿ ಇಟ್ಟು ಹೇಳಿದ್ರೆ ಸಾಕು, ರೂಮು ಸುಮ್ನಾಗುತ್ತೆ.

---

ತಾಲೂಕು_ಡಾಕ್ಟರ್:

ಸಿಸ್ಟರ್ ನಮಸ್ಕಾರ್ರಿ. ನಾ ಧಾರವಾಡ ಕಡೆಯಂವ, ತಾಲೂಕು ಆಸ್ಪತ್ರ್ಯಾಗ ಆಡಳಿತ ವೈದ್ಯಾಧಿಕಾರಿ ಆಗಿ ಕೆಲ್ಸಾ ಮಾಡೇನಿ. ಸರ್ಕಾರಿ ಕಡೆ ಮಾತು ಹೇಳ್ತೀನಿ, ಯಾಕಂದ್ರ ಇದನ್ನ ಓದೋರೊಳಗ ಸರ್ಕಾರಿ ಸ್ಟಾಫ್ ನರ್ಸ್‌ಗೋಳೂ ಇರ್ತಾರ.

ನಮ್ಮಲ್ಲಿ ಮೊನ್ನೆ ತನಕಾ ಸರ್ಜರಿ ಮಾಡ್ಕೋತ ಇದ್ದ ಡಾಕ್ಟರನ್ನ ತಂದು ಆಡಳಿತದ ಕುರ್ಚಿ ಮ್ಯಾಲೆ ಕೂಡಸ್ತಾರ. ಸರ್ಕಾರಿ ಖರೀದಿ ಬಗ್ಗೆ ಇರೂ ಕೆಟಿಪಿಪಿ ಕಾಯ್ದೆ ಪ್ರಕಾರ ಟೆಂಡರ್ ಹೆಂಗ ಕರಿಯೂದು, ಆರೋಗ್ಯ ರಕ್ಷಾ ಸಮಿತಿ ರೊಕ್ಕ ಯಾವುದಕ್ಕ ಖರ್ಚು ಮಾಡಬೇಕು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕ್ಲೇಮು ಯಾಕ ತಿರುಗಿ ಬಂತು, ಆಸ್ಪತ್ರಿ ಸ್ವಚ್ಛತಾದ ಕಾಯಕಲ್ಪ ಪ್ರಶಸ್ತಿಗೆ ಏನೇನ್ ತಯಾರಿ, ಇವನ್ನೆಲ್ಲಾ ಎಂಬಿಬಿಎಸ್‌ನ್ಯಾಗ ಯಾರೂ ಕಲಿಸಿರೂದಿಲ್ಲ. ನಾ ಕಲ್ತದ್ದು ಹಳೇ ಸೂಪರಿಂಟೆಂಡೆಂಟ್ ಸಿಸ್ಟರ್ ಕಡಿಂದ ಮತ್ತ ಆಫೀಸ್ ಕ್ಲಾರ್ಕ್ ಕಡಿಂದ. ಅದಕ್ಕ ಈ ಓದು ಬಾಳ ಬೇಕಾಗೇತಿ ಅಂತ ನನ್ನ ಖಾತ್ರಿ ಅಭಿಪ್ರಾಯ.

ಒಂದು ಉದಾಹರಣಿ. ಔಷಧ ಸ್ಟೋರಿನ್ಯಾಗ ಎಬಿಸಿ ವಿಇಡಿ ಅಂತ ಒಂದು ಪದ್ಧತಿ ಅದ. ಎಬಿಸಿ ಅಂದ್ರ ರೊಕ್ಕದ ಲೆಕ್ಕ, ಯಾವ ಸಾಮಾನಿಗೆ ಹೆಚ್ಚು ಖರ್ಚು ಅನ್ನೂದು. ವಿಇಡಿ ಅಂದ್ರ ಜೀವದ ಲೆಕ್ಕ, ಯಾವುದು ಇಲ್ಲಂದ್ರ ಮನುಷ್ಯಾ ಸಾಯ್ತಾನ ಅನ್ನೂದು. ಅಡ್ರಿನಲಿನ್ ಇಂಜೆಕ್ಷನ್ ಅಗ್ಗದ್ದು, ರೊಕ್ಕದ ಪಟ್ಟಿಯೊಳಗ ತಳಕ್ಕ ಇರ್ತದ, ಜೀವದ ಪಟ್ಟಿಯೊಳಗ ಮ್ಯಾಲೆ. ಬರೇ ಖರ್ಚಿನ ಪಟ್ಟಿ ನೋಡಾಂವ ಅದನ್ನ ಮರೀತಾನ. ವಾರ್ಡಿನ್ಯಾಗ ನಿಂತು ಕೆಲ್ಸಾ ಮಾಡಿದ ಸಿಸ್ಟರ್ ಮರಿಯೂದಿಲ್ಲ. ಹಿಂಗಾಗಿ ನಿಮ್ಮಂಥಾವ್ರು ಈ ಕಡೆ ಬರಬೇಕು.

ಆದ್ರ ಸರ್ಕಾರಿ ನೌಕರ್ಯಾಗ ಇದ್ದವ್ರು ಎಂಎಚ್ಎ ಮಾಡಿದ ಕೂಡಲೇ ಪ್ರಮೋಷನ್ ಬರ್ತದ ಅಂತ ತಿಳ್ಕೋಬ್ಯಾಡ್ರಿ, ಅಲ್ಲಿ ಸೀನಿಯಾರಿಟಿನ ನಡಿಯೂದು. ಎನ್ಎಚ್ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಒಳಗ ಕ್ವಾಲಿಟಿ ಕನ್ಸಲ್ಟೆಂಟ್ ಥರದ ಗುತ್ತಿಗೆ ಹುದ್ದೆಗಳಿಗೆ ಈ ಡಿಗ್ರಿ ಕೇಳ್ತಾರ, ಆದ್ರ ಅವು ಕಾಯಂ ಅಲ್ಲ.

ಮ್ಯಾನೇಜ್‌ಮೆಂಟ್ ಅಂದ್ರ ರೊಕ್ಕಾ ಹಿಂಡೂದು ಅಂತ ಬಾಳ ಮಂದಿ ತಿಳ್ಕೊಂಡಾರ. ಮಧುರೈ ಅರವಿಂದ್ ಕಣ್ಣಿನ ಆಸ್ಪತ್ರಿ ಬಗ್ಗೆ ಓದ್ರಿ. ಡಾ. ವೆಂಕಟಸ್ವಾಮಿ ಅವ್ರು ರಿಟೈರ್ ಆದಮ್ಯಾಲೆ 1976ರಾಗ 11 ಬೆಡ್ಡಿನಿಂದ ಶುರು ಮಾಡಿದ್ರು. ಹಳ್ಳಿ ಹೆಣ್ಣಮಕ್ಕಳನ್ನ ಆರಿಸಿ ತರಬೇತಿ ಕೊಟ್ಟು, ಕಣ್ಣು ತಪಾಸಣಿ, ಆಪರೇಷನ್ ತಯಾರಿ ಎಲ್ಲಾ ಅವ್ರಿಗೆ ಒಪ್ಪಿಸಿ, ಸರ್ಜನ್ ಕೈ ಬರೇ ಸರ್ಜರಿಗೆ ಇರೂ ಹಂಗ ಕೆಲಸಾ ಹಂಚಿದ್ರು. ಹಂಗ ಮಾಡಿದ್ದಕ್ಕ ರೊಕ್ಕ ಕೊಡಲಾರದವ್ರಿಗೂ ಕಣ್ಣು ಬಂತು. ಅಲ್ಲೇ 1992ರಾಗ ಲೈಕೋ ಅಂತ ತರಬೇತಿ ಸಂಸ್ಥೆನೂ ಶುರುವಾತು, ಬ್ಯಾರೆ ಆಸ್ಪತ್ರಿಯವ್ರು ಹೋಗಿ ಕಲ್ತು ಬರ್ತಾರ.

---

ಲೀಡ್ಸ್_ಕನ್ನಡಿಗ:

ಯುಕೆ ಬಗ್ಗೆ ಕೇಳಿದ್ರಲ್ಲ, ಅದನ್ನ ಮಾತ್ರ ಹೇಳ್ತೇನೆ. ನಾನು ಮಂಗಳೂರಿನವ, ಇಲ್ಲಿ ಎನ್ಎಚ್ಎಸ್‌ನಲ್ಲಿ, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ನರ್ಸ್. ನಿಮ್ಮ ಫ್ರೆಂಡ್ ಹೇಳಿದ ಎಂಎಸ್ಸಿ ಇಲ್ಲಿ ಸುಮಾರು ಯೂನಿವರ್ಸಿಟಿಗಳಲ್ಲಿ ಉಂಟು, ಒಂದು ವರ್ಷದ್ದು, ಪಾಠ ಒಳ್ಳೇದೇ. ಆದರೆ ನೀವು ಫ್ಯಾಮಿಲಿ ಇರುವವರು. 2024 ಜನವರಿಯಿಂದ ಇಂಥಾ ಕೋರ್ಸಿಗೆ ಬರುವವರು ಗಂಡ, ಮಕ್ಕಳನ್ನ ಡಿಪೆಂಡೆಂಟ್ ವೀಸಾದಲ್ಲಿ ಕರ್ಕೊಂಡು ಬರುವ ಹಾಗಿಲ್ಲ. ಓದಿದ ಮೇಲೆ ಕೆಲಸ ಹುಡುಕ್ಲಿಕ್ಕೆ ಸಿಗುವ ಗ್ರಾಜುಯೇಟ್ ವೀಸಾ ಕೂಡಾ ಎರಡು ವರ್ಷದಿಂದ 18 ತಿಂಗಳಿಗೆ ಇಳೀತದೆ, 2027 ಜನವರಿಯಿಂದ ಅರ್ಜಿ ಹಾಕುವವರಿಗೆ. ಫೀಸು ಲಕ್ಷಗಟ್ಟಲೆ, ಸಾಲ ಮಾಡಿ ಮಗುವನ್ನ ಬಿಟ್ಟು ಬಂದು, ಎನ್ಎಚ್ಎಸ್ ಒಳಗಿನ ಅನುಭವ ಇಲ್ಲದೆ ಬರೀ ಎಂಎಸ್ಸಿ ಇಟ್ಕೊಂಡು ಮ್ಯಾನೇಜರ್ ಕೆಲಸ ಸಿಗ್ತದೆ ಅಂತ ಏಜೆಂಟ್ ಹೇಳಿದ್ರೆ ದಯವಿಟ್ಟು ನಂಬ್ಬೇಡಿ. ಹಾಗೆ ಬಂದು ಕೇರ್ ಹೋಮಲ್ಲಿ ರಾತ್ರಿ ಶಿಫ್ಟ್ ಮಾಡ್ತಾ ಸಾಲ ತೀರಿಸುವವರನ್ನ ನೋಡಿ ಹೊಟ್ಟೆ ಉರೀತದೆ.

ಇಲ್ಲಿನ ರೀತಿಯೇ ಬೇರೆ. ಮೊದಲು ನರ್ಸ್ ಆಗಿ ರಿಜಿಸ್ಟ್ರೇಷನ್, ಅದಕ್ಕೆ ಇಂಗ್ಲಿಷ್ ಪರೀಕ್ಷೆ, ಸಿಬಿಟಿ (ಕಂಪ್ಯೂಟರ್ ಪರೀಕ್ಷೆ), ಆಸ್ಕಿ (ಪ್ರಾಕ್ಟಿಕಲ್ ಪರೀಕ್ಷೆ) ಎಲ್ಲಾ ಆಗ್ಬೇಕು. ಸಂಬಳದ ಶ್ರೇಣಿಗೆ ಇಲ್ಲಿ ಬ್ಯಾಂಡ್ ಅಂತಾರೆ, ಬ್ಯಾಂಡ್ 5ರಲ್ಲಿ ಸೇರಿ 6, ಆಮೇಲೆ ವಾರ್ಡ್ ಮ್ಯಾನೇಜರ್ ಅಂದ್ರೆ ಸಾಮಾನ್ಯವಾಗಿ 7. ಲೀಡರ್‌ಶಿಪ್ ತರಬೇತಿ ಕೆಲಸದಲ್ಲಿದ್ದುಕೊಂಡೇ ಮಾಡುವುದು. ಹೊಸದಾಗಿ ಟೀಮ್ ನೋಡ್ಕೊಳ್ಳುವವರಿಗೆ ಮೇರಿ ಸೀಕೋಲ್ ಹೆಸರಿನ ಪ್ರೋಗ್ರಾಂ ಉಂಟು, ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ ಜಮೈಕಾದ ಹೆಂಗಸು ಅವರು. ಅದಕ್ಕಿಂತ ಮೇಲಿನ ಹಂತದ ಎಲಿಜಬೆತ್ ಗ್ಯಾರೆಟ್ ಆಂಡರ್ಸನ್ ಪ್ರೋಗ್ರಾಂ ಎಂಎಸ್ಸಿ ಡಿಗ್ರಿಯನ್ನೇ ಕೊಡುವಂಥದ್ದು. ಬರುವುದಾದ್ರೆ ನರ್ಸ್ ಆಗಿಯೇ ಬನ್ನಿ, ಆದರೆ ಹೊರದೇಶದವರ ನೇಮಕಾತಿ ಮೊದಲಿನಷ್ಟು ಇಲ್ಲ ಅನ್ನುವುದೂ ಗೊತ್ತಿರ್ಲಿ.

---

ಎಂಬಿಎ_ಹುಬ್ಬಳ್ಳಿ:

ಒಂದ್ ಮಾತು ಹೇಳ್ಲಾ, ಫುಲ್ ಟೈಮ್ ಡಿಗ್ರಿನೇ ಮಾಡ್ರಿ. ಎಚ್ಆರ್‌ನವ್ರು ರೆಸ್ಯೂಮೆ ಆರಿಸೋವಾಗ ಎಂಎಚ್ಎ ಇಲ್ಲಾ ಎಂಬಿಎ ಐತೇನು ಅಂತ ನೋಡ್ತಾರ, ಡಿಸ್ಟೆನ್ಸ್ ಡಿಪ್ಲೊಮಾ ನೋಡಿ ಪಕ್ಕಕ್ಕ ಇಡ್ತಾರ. ಕ್ಯಾಂಪಸ್ ಪ್ಲೇಸ್‌ಮೆಂಟ್ ಇರ್ತದ, ದೊಡ್ಡ ಕಾರ್ಪೊರೇಟ್ ಆಸ್ಪತ್ರ್ಯಾಗ ಇಂಟರ್ನ್‌ಶಿಪ್ ಸಿಗ್ತದ.

---

ಕ್ವಾಲಿಟಿ_ಬೆಂಗ್ಳೂರು:

ಹುಬ್ಬಳ್ಳಿಯವ್ರೇ, ಫ್ರೆಶರ್‌ಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಆಸ್ಪತ್ರೆ ಒಳಗೆ ಕಾಲಿಡೋಕೇ ಇಂಟರ್ನ್‌ಶಿಪ್ ಬೇಕು. ಇವ್ರು ಆಗ್ಲೇ ಐಸಿಯು ನಡೆಸ್ತಿದಾರೆ, ಕ್ಯಾಂಪಸ್ಸಲ್ಲಿ ಸಿಗೋ ಎಕ್ಸಿಕ್ಯೂಟಿವ್ ಪೋಸ್ಟು ಇವ್ರಿಗೆ ಮೆಟ್ಟಿಲು ಇಳಿದಂಗೆ.

---

ಐಸಿಯು_ದಾವಣಗೆರೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಯುಕೆ ವಿಚಾರ ಬಿಟ್ಟೆ, ಲೀಡ್ಸ್ ಅಣ್ಣ ಹೇಳಿದ್ದು ಕೇಳಿ ಮನೇಲೂ ಸಮಾಧಾನ ಆಯ್ತು. ಡಾಕ್ಟ್ರು ಹೇಳಿದ ವಿಇಡಿ ಪಟ್ಟಿ ನಾವು ಕ್ರ್ಯಾಶ್ ಕಾರ್ಟಿಗೆ ಮಾಡೋದೇ, ಅದಕ್ಕೊಂದು ಹೆಸ್ರಿದೆ ಅಂತ ಗೊತ್ತಿರ್ಲಿಲ್ಲ. ಕೆಲ್ಸ ಬಿಡದೆ ಓದೋದಾದ್ರೆ ಯಾವ್ದು? ಮತ್ತೆ ನಮ್ಮ ಆಸ್ಪತ್ರೆ ಎನ್ಎಬಿಎಚ್‌ಗೆ (ಆಸ್ಪತ್ರೆ ಗುಣಮಟ್ಟದ ಮಾನ್ಯತೆ) ತಯಾರಾಗ್ತಿದೆ, ಅದ್ರಲ್ಲಿ ಸೇರ್ಕೊಂಡ್ರೆ ಉಪಯೋಗ ಆಗುತ್ತಾ?

---

ಕ್ವಾಲಿಟಿ_ಬೆಂಗ್ಳೂರು:

ಎನ್ಎಬಿಎಚ್ ತಯಾರಿ ನಡೀತಿದೆ ಅಂದ್ರೆ ನಾಳೆನೇ ಹೋಗಿ ಹೆಸ್ರು ಕೊಡಿ ಸಿಸ್ಟರ್! ಎರಡು ಸೆಮಿಸ್ಟರ್ ಕ್ಲಾಸಲ್ಲಿ ಕೂತ್ರೂ ಸಿಗದ ಕಲಿಕೆ ಅದು. ಇನ್ಫೆಕ್ಷನ್ ಕಂಟ್ರೋಲ್ ಕಮಿಟೀಲಿ ಸೇರ್ಕೊಳಿ. ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿ ಸರಿಯಾಗಿ ಇಡ್ಸೋದು ಆಗ್ಲೇ ಗೊತ್ತು ನಿಮ್ಗೆ, 2016ರ ಬಯೋಮೆಡಿಕಲ್ ವೇಸ್ಟ್ ರೂಲ್ಸ್ ಒಂದ್ಸಲ ಪೂರ್ತಿ ಓದಿ, ಆಗ ಆಡಿಟರ್ ಮುಂದೆ ನೀವೇ ಉತ್ತರ ಕೊಡ್ಬಹುದು.

ಓದೋಕೆ ಇಗ್ನೋದ ಹಾಸ್ಪಿಟಲ್ ಅಂಡ್ ಹೆಲ್ತ್ ಮ್ಯಾನೇಜ್‌ಮೆಂಟ್ ಪಿಜಿ ಡಿಪ್ಲೊಮಾ ನಿಮ್ಗೆ ಹೊಂದುತ್ತೆ, ಒಂದು ವರ್ಷದ್ದು. ಪ್ರಾಕ್ಟಿಕಲ್‌ಗೆ ಸ್ಟಡಿ ಸೆಂಟರಿಗೆ ಹೋಗ್ಬೇಕು, ದಾವಣಗೆರೆಗೆ ಹತ್ರ ಯಾವ್ದು ಅಂತ ನೋಡ್ಕೊಂಡೇ ಅಪ್ಲಿಕೇಷನ್ ಹಾಕಿ. ಬೇರೆ ಯಾವ್ದೇ ಆನ್‌ಲೈನ್ ಎಂಬಿಎ ಜಾಹೀರಾತು ಕಂಡ್ರೆ ಯುಜಿಸಿಯ ಡಿಸ್ಟೆನ್ಸ್ ಬ್ಯೂರೋ ಸೈಟಲ್ಲಿ ಆ ಯೂನಿವರ್ಸಿಟಿಗೆ, ಆ ಕೋರ್ಸಿಗೆ, ಆ ವರ್ಷಕ್ಕೆ ಅನುಮತಿ ಇದೆಯಾ ನೋಡಿ, ಹೆಸರು ದೊಡ್ಡದಿದೆ ಅಂತ ಫೀಸ್ ಕಟ್ಬೇಡಿ. ಆಮೇಲೆ ಬೇಕನ್ಸಿದ್ರೆ ಎಂಎಚ್ಎ ಮಾಡೋಕೆ ಬಾಗಿಲು ತೆರೆದೇ ಇರುತ್ತೆ.

ಫೀಸನ್ನ ಆಸ್ಪತ್ರೆಯೋರನ್ನೇ ಕೇಳಿ, ನಾಚ್ಕೋಬೇಡಿ. ಕೇಳೋಕೆ ಮುಂಚೆ ಒಂದು ಕೆಲ್ಸ ಮಾಡಿ. ಒಂದು ತಿಂಗಳು ಪ್ರತಿ ಡಿಸ್ಚಾರ್ಜಿಗೂ ಐದು ಟೈಮ್ ಬರ್ಕೊಳಿ. ಡಾಕ್ಟ್ರು ಹೇಳಿದ್ದು, ಸಮ್ಮರಿ ಸೈನ್ ಆಗಿದ್ದು, ಫಾರ್ಮಸಿ ಕ್ಲಿಯರ್ ಆಗಿದ್ದು, ಬಿಲ್ ರೆಡಿ ಆಗಿದ್ದು, ಪೇಷೆಂಟ್ ಬೆಡ್ ಬಿಟ್ಟಿದ್ದು. ವಾರ್ಡ್ ಇನ್‌ಚಾರ್ಜ್‌ಗಳನ್ನೂ ಜೊತೆಗೆ ಸೇರಿಸ್ಕೊಳಿ, ಐಸಿಯುನಿಂದ ನೇರ ಮನೆಗೆ ಹೋಗೋರು ಕಮ್ಮಿ. ಕ್ಯಾಶ್ ಕಟ್ಟೋರದ್ದು ಬೇರೆ, ಇನ್ಶೂರೆನ್ಸ್‌ನೋರದ್ದು ಬೇರೆ, ಆರೋಗ್ಯ ಕರ್ನಾಟಕದ್ದು ಬೇರೆ ಇಡಿ, ಕಲಸಿಬಿಟ್ರೆ ಏನೂ ತಿಳಿಯಲ್ಲ. ಸರಾಸರಿ ತೆಗೀಬೇಡಿ, ಯಾರೋ ಒಬ್ರು ದುಡ್ಡು ಹೊಂದಿಸೋಕೆ ರಾತ್ರಿ ತನಕ ಉಳ್ಕೊಂಡ್ರೆ ಇಡೀ ಲೆಕ್ಕ ಕೆಡುತ್ತೆ, ಎಲ್ಲಾ ಸಾಲಾಗಿ ಬರೆದು ನಡುವಿನ ಅಂಕಿ ತಗೊಳಿ. ಯಾರ ಹೆಸ್ರೂ ಹಾಕ್ಬೇಡಿ, ಫಾರ್ಮಸಿ ಹುಡುಗ್ರು ನಮ್ಮ ಮೇಲೆ ದೂರು ಬಂತು ಅಂದ್ಕೊಂಡ್ರೆ ಮುಂದೆ ಯಾರೂ ಸರಿಯಾದ ಟೈಮ್ ಬರೆಯಲ್ಲ. ಇದನ್ನ ಒಂದೇ ಪೇಜಲ್ಲಿ ಮಾಡಿ ಮೆಡಿಕಲ್ ಡೈರೆಕ್ಟರ್ ಹತ್ರ ಹೋಗಿ, ಕೋರ್ಸಿನ ಪ್ರಾಜೆಕ್ಟಿಗೂ ಇದೇ ಆಗುತ್ತೆ. ಫೀಸ್ ಕೊಡ್ತೀವಿ ಅಂದ್ರೆ ಬಾಂಡ್ ಎಷ್ಟು ವರ್ಷ, ಮಧ್ಯೆ ಬಿಟ್ರೆ ಎಷ್ಟು ವಾಪಸ್ ಕಟ್ಬೇಕು ಅಂತ ಓದಿ ಆಮೇಲೆ ಸೈನ್ ಹಾಕಿ.

---

ಐಸಿಯು_ದಾವಣಗೆರೆ:

ಸರಿ ಮೇಡಂ. ಜನರಲ್ ವಾರ್ಡ್ ಮತ್ತೆ ಸರ್ಜಿಕಲ್ ವಾರ್ಡ್ ಇನ್‌ಚಾರ್ಜ್‌ಗಳ ಹತ್ರ ಇವತ್ತು ಮಾತಾಡ್ದೆ, ಒಂದನೇ ತಾರೀಖಿಂದ ಬರೆಯೋಕೆ ಇಬ್ರೂ ಒಪ್ಪಿದಾರೆ. ರಿಜಿಸ್ಟರ್ ಗೆರೆ ಹಾಕಿ ಇಲ್ಲಿ ಫೋಟೋ ಹಾಕ್ತೀನಿ, ಕಾಲಮ್ ಏನಾದ್ರೂ ಬಿಟ್ಟೋಗಿದ್ರೆ ಹೇಳಿ.